ಕಡಲಿಲ್ಲದ ಊರಲ್ಲಿ ಕಡಲ ಶಿಲ್ಪ: ಪರಶುರಾಮನ ಕೊಡಲಿ ಮಾಡುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಿಂದ ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು, 200 ಕಿಲೋಮೀಟರಿಗೂ ಜಾಸ್ತಿ ದಾರಿ. ಹಾಗಾಗಿ ಇಲ್ಲಿನ ದೃಶ್ಯಕಲಾ ಕಾಲೇಜಿನ ಹುಡುಗರು ಕಡಲಿನ ವಿಷಯ ಎತ್ತಿಕೊಂಡು ಶಿಲ್ಪ ಮಾಡಲು ಹಿಂಜರಿಯುತ್ತಾರೆ. ಅದೇನಿದ್ದರೂ ಮಂಗಳೂರಿನವರ, ಕಾರವಾರದವರ ಸೊತ್ತು ಅನ್ನುವ ಭಾವನೆ. ನಾನು ಇದನ್ನು ಒಪ್ಪುವುದಿಲ್ಲ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಗೆ ಹೋಗಿ ನೋಡಿ. ಅಲ್ಲಿನ ಬಂಡೆಗಳು ಒಂದರ ಮೇಲೊಂದು ಒತ್ತಿಟ್ಟ ದಿಂಬಿನ ಆಕಾರದಲ್ಲಿವೆ. ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಬಂಡೆಗೆ ಈ ಆಕಾರ ಬರುತ್ತದೆ. ಹೊರಮೈ ತಕ್ಷಣ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಬೇರೆ ಕಡೆ ಒಡೆದು ಮತ್ತೊಂದು ಉಂಡೆಯಾಗುತ್ತದೆ. ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು ಇದು. ಈಗ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ದುರ್ಗದ ನೆಲ ಒಂದು ಕಾಲಕ್ಕೆ ನೀರಿನ ತಳವಾಗಿತ್ತು.

ಇನ್ನೂ ಒಂದು ವಿಷಯ ಹೇಳಬೇಕು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಅದು ಹಡಗೇರಿ ಕಡಲು ದಾಟಿ, ಎತ್ತಿನ ಬೆನ್ನ ಮೇಲೋ ಗಾಡಿಯಲ್ಲೋ ಇಲ್ಲಿವರೆಗೆ ಬಂತು. ಜೊತೆಗೆ ಹೊರಟ ಎಷ್ಟೋ ನಾಣ್ಯ ದಾರಿಯಲ್ಲೇ ಮುಳುಗಿರಬೇಕು, ಅಲ್ವಾ? ಹಾಗೆ ಮುಳುಗಿದ ವಸ್ತುವಿಗೆ ರೂಪ ಕೊಡುವ ಕೆಲಸ ನಮ್ಮದೂ ಹೌದು.

ಈ ಬರಹದಲ್ಲಿ ಒಂದೇ ಒಂದು ಶಿಲ್ಪವನ್ನು ಮೊದಲಿನಿಂದ ಕೊನೆವರೆಗೆ ಮಾಡುವ ಬಗೆ ಹೇಳುತ್ತೇನೆ. ಸಾಮಾನೆಲ್ಲ ದಾವಣಗೆರೆ, ಚಿತ್ರದುರ್ಗದಲ್ಲೇ ಸಿಗುತ್ತದೆ. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಶಿಲ್ಪದಲ್ಲಿ ಕೆಲಸ ಮಾಡುವವರು ಇಬ್ಬರು. ಒಬ್ಬರು ನೀವು, ಇನ್ನೊಬ್ಬರು ಸಮುದ್ರ. ಸಮುದ್ರ ಏನು ಮಾಡುತ್ತದೆ, ಯಾಕೆ ಮಾಡುತ್ತದೆ ಅನ್ನೋದು ಗೊತ್ತಿಲ್ಲದೆ ಸುಮ್ನೆ ನಾಲ್ಕು ಚಿಪ್ಪು ಅಂಟಿಸಿ ಹಸಿರು ಬಳಿದರೆ ಅದು ಹೋಟೆಲಿನ ಅಲಂಕಾರವಾಗುತ್ತದೆ, ಶಿಲ್ಪವಾಗುವುದಿಲ್ಲ.

ಬೇರೆಯವರು ಏನು ಮಾಡಿದ್ದಾರೆ

ಕೈ ಹಾಕುವ ಮೊದಲು ಇಬ್ಬರ ಕೆಲಸದ ಫೋಟೋಗಳನ್ನು ಚೆನ್ನಾಗಿ ನೋಡಿ. 2017ರಲ್ಲಿ ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್ ವೆನಿಸ್‌ನ ಎರಡು ದೊಡ್ಡ ಕಟ್ಟಡಗಳ ತುಂಬ ಒಂದು ಪ್ರದರ್ಶನ ಇಟ್ಟರು. ಮುಳುಗಿದ ಪುರಾತನ ಹಡಗಿನಿಂದ ಎತ್ತಿದ ನಿಧಿ ಇದು ಅನ್ನೋದು ಕಥೆ. ಹಡಗು ಕಲ್ಪನೆ, ನಿಧಿಯೂ ಕಲ್ಪನೆ. ಕಂಚಿನ ಮೂರ್ತಿಗಳ ಮೇಲೆ ಬೆಳೆದಂತೆ ಕಾಣುವ ಹವಳವೂ ಬಣ್ಣ ಬಳಿದ ಕಂಚೇ. ಬ್ರಿಟನ್ನಿನವರೇ ಆದ ಜೇಸನ್ ಡಿಕೇರ್ಸ್ ಟೇಲರ್ ಇದಕ್ಕೆ ಉಲ್ಟಾ ದಾರಿ ಹಿಡಿದವರು. 2006ರಲ್ಲಿ ಗ್ರೆನಡಾ ದ್ವೀಪದ ಕಡಲಲ್ಲಿ ಸಿಮೆಂಟಿನ ಮನುಷ್ಯರನ್ನು ನಿಲ್ಲಿಸಿದರು. ಹವಳ, ಸ್ಪಾಂಜು ಮೇಲೆ ಬೆಳೆಯಲಿ ಅಂತಲೇ ಮಾಡಿದ ಶಿಲ್ಪಗಳವು. ಒಬ್ಬರು ಸಮುದ್ರದ ಕೆಲಸವನ್ನು ತಾವೇ ಮಾಡಿದರು, ಇನ್ನೊಬ್ಬರು ಸಮುದ್ರಕ್ಕೇ ಬಿಟ್ಟರು. ನಮಗೆ ಕಡಲು ದೂರ, ಆದ್ದರಿಂದ ಮೊದಲನೆಯ ದಾರಿಯೇ ಗತಿ.

ನನಗೆ ಇವರಿಬ್ಬರಿಗಿಂತ ಜಾಸ್ತಿ ಕಲಿಸಿದ್ದು ಆಂಟಿಕಿಥೆರಾ. 1900ರಲ್ಲಿ ಗ್ರೀಸಿನ ಆ ದ್ವೀಪದ ಬಳಿ ಸ್ಪಾಂಜು ತೆಗೆಯಲು ಮುಳುಗಿದವರಿಗೆ ಎರಡು ಸಾವಿರ ವರ್ಷ ಹಳೆಯ ಹಡಗಿನ ಅವಶೇಷ ಸಿಕ್ಕಿತು. ಅದರಲ್ಲಿ ಅಮೃತಶಿಲೆಯ ಮೂರ್ತಿಗಳಿದ್ದವು. ಮರಳಿನಲ್ಲಿ ಹೂತಿದ್ದ ಭಾಗ ನಿನ್ನೆ ಉಜ್ಜಿ ಮುಗಿಸಿದಷ್ಟು ನಯ. ನೀರಿಗೆ ತೆರೆದಿದ್ದ ಭಾಗವನ್ನು ಕಲ್ಲು ಕೊರೆಯುವ ಜೀವಿಗಳು ತಿಂದು ಹಾಕಿವೆ. ಒಂದೇ ದೇಹ, ಅರ್ಧ ಮೈ ಹುಡುಗನದು, ಅರ್ಧ ಮೈ ಬರೀ ತೂತು. ಯಾವ ಶಿಲ್ಪಿಯೂ ಇಷ್ಟು ಧೈರ್ಯ ಮಾಡಿರಲಿಲ್ಲ. ಸಮುದ್ರ ಸಮನಾಗಿ ಹಾಳು ಮಾಡುವುದಿಲ್ಲ, ಒಂದು ಪಕ್ಕ ಹಿಡಿದು ಹಾಳು ಮಾಡುತ್ತದೆ. ಈ ಒಂದು ಮಾತನ್ನು ಕೆಲಸದ ಉದ್ದಕ್ಕೂ ನೆನಪಿಡಿ.

ಕಥೆ ಆರಿಸುವುದು

ನಮ್ಮ ಪುರಾಣದಲ್ಲಿ ಕಡಲಿಗೇನು ಬರವೇ? ಸಮುದ್ರ ಮಥನ ಇದೆ, ಮತ್ಸ್ಯಾವತಾರ ಇದೆ, ಮುಳುಗಿದ ದ್ವಾರಕೆ ಇದೆ, ನೀರಿನಿಂದ ಭೂದೇವಿಯನ್ನು ಎತ್ತಿದ ವರಾಹ ಇದ್ದಾನೆ. ಬಾದಾಮಿಯ 3ನೇ ಗುಹೆಗೆ ಹೋದರೆ, 578ರ ಶಾಸನ ಇರುವ ಆ ಗುಹೆಯಲ್ಲೇ, ಆ ವರಾಹನನ್ನು ನೋಡಬಹುದು. ಆದರೆ ಮತ್ತೊಂದು ವರಾಹ ಮಾಡಿ ಅಂತ ನಾನು ಹೇಳುವುದಿಲ್ಲ. ಬಾದಾಮಿಯವರು ಅದನ್ನು ಮಾಡಿ ಮುಗಿಸಿದ್ದಾರೆ.

ದೇವರನ್ನು ಬಿಡಿ, ವಸ್ತುವನ್ನು ಹಿಡಿಯಿರಿ. ಅದರಲ್ಲೂ ಕಥೆ ಕೈಬಿಟ್ಟ ವಸ್ತುವನ್ನು. ಅಮೃತ ಹಂಚಿ ಮುಗಿದ ಮೇಲೆ ಆ ಕೊಡ ಏನಾಯಿತು? ದ್ವಾರಕೆ ಮುಳುಗಿದ ದಿನ ಯಾವುದೋ ಮನೆಯ ಅಡುಗೆಕೋಣೆಯಲ್ಲಿದ್ದ ಒರಳಿನ ಗತಿ ಏನು? ಇಂಥ ಪ್ರಶ್ನೆ ಹುಟ್ಟಿದರೆ ಸಮಕಾಲೀನ ಶಿಲ್ಪ ಅರ್ಧ ಆದ ಹಾಗೆ.

ನಾನು ಇಲ್ಲಿ ಆರಿಸಿರುವುದು ಪರಶುರಾಮನ ಕೊಡಲಿ. ಅವನು ಗೆದ್ದ ಭೂಮಿಯನ್ನೆಲ್ಲ ಕಶ್ಯಪನಿಗೆ ದಾನ ಕೊಟ್ಟ. ತನಗೆ ನಿಲ್ಲಲು ನೆಲ ಉಳಿಯಲಿಲ್ಲ. ಸಹ್ಯಾದ್ರಿಯ ಮೇಲಿಂದ ಕೊಡಲಿ ಎಸೆದ, ಅದು ಬಿದ್ದ ಜಾಗದವರೆಗೆ ಸಮುದ್ರ ಹಿಂದೆ ಸರಿಯಿತು, ಕರಾವಳಿ ಹುಟ್ಟಿತು. ಕೆಲವು ಪಾಠಗಳಲ್ಲಿ ಕೊಡಲಿ ಬದಲು ಬಾಣ ಇದೆ. ನಮ್ಮ ಕರಾವಳಿಯ ಜನ ಹೇಳುವ ಕಥೆಯಲ್ಲಿ ಕೊಡಲಿಯೇ. ನೆಲದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೊಡಲಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಕೊಲ್ಲುವ ಆಯುಧ ಒಂದು ನಾಡನ್ನೇ ಹುಟ್ಟಿಸಿ ನೀರಲ್ಲಿ ಕೊಳೆಯುತ್ತಾ ಬಿದ್ದಿದೆ. ಇದಕ್ಕಿಂತ ದೊಡ್ಡ ವಿಷಯ ಬೇಕೇ?

ಒಂದು ಎಚ್ಚರಿಕೆ. ನಮ್ಮ ಸೂಳೆಕೆರೆಯ ಶಾಂತವ್ವನ ಕಥೆಯನ್ನೋ ಸಂತೇಬೆನ್ನೂರು ಪುಷ್ಕರಣಿಯನ್ನೋ ಇಟ್ಟುಕೊಂಡು ಮಾಡುವವರಿದ್ದರೆ, ಮುಂದೆ ಹೇಳುವ ಬಾರ್ನಕಲ್ (ಬಂಡೆಗೆ, ಹಡಗಿಗೆ ಅಂಟಿಕೊಂಡು ಬೆಳೆಯುವ ಚಿಕ್ಕ ಚಿಪ್ಪಿನ ಜೀವಿ), ಹವಳ ಯಾವುದನ್ನೂ ಬಳಸಬೇಡಿ. ಅವು ಉಪ್ಪು ನೀರಿನ ಜೀವಿಗಳು. ಸಿಹಿನೀರಿನ ಗುರುತು ಬೇರೆ: ಪಾಚಿಯ ಪದರ, ಕೆಸರಿನ ಗೆರೆ, ನೀರು ಇಳಿದಂತೆಲ್ಲ ಉಳಿಯುವ ಅಡ್ಡಪಟ್ಟೆ. ಬೇಸಿಗೆಯಲ್ಲಿ ವಾಣಿವಿಲಾಸ ಸಾಗರದ ದಂಡೆಗೆ ಹೋದರೆ ಈ ಪಟ್ಟೆಗಳನ್ನು ಕಣ್ಣಾರೆ ನೋಡಬಹುದು.

ವಸ್ತುವಿನ ಜಾತಕ

ಒಂದು ಹಾಳೆ ತೆಗೆದುಕೊಂಡು ನಿಮ್ಮ ವಸ್ತುವಿನ ಜಾತಕ ಬರೆಯಿರಿ. ಯಾವ ಲೋಹ, ಎಲ್ಲಿ ಬಿತ್ತು, ಎಷ್ಟು ಆಳ, ತಳ ಮರಳೋ ಬಂಡೆಯೋ ಕೆಸರೋ, ಯಾವ ಪಕ್ಕ ಮೇಲೆ, ಎಷ್ಟು ಕಾಲ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಆಮೇಲೆ ಬರುವ ಒಂದೊಂದು ನಿರ್ಧಾರವೂ ಈ ಹಾಳೆಯಿಂದಲೇ ಬರುತ್ತದೆ.

ನಮ್ಮ ಕೊಡಲಿಯ ಜಾತಕ ಹೀಗೆ. ಲೋಹ ಕಬ್ಬಿಣ. ಕಥೆಯ ಪ್ರಕಾರ ಅದು ಬಿದ್ದಲ್ಲಿಗೇ ದಡ ನಿಂತಿತು. ಹಾಗಾದರೆ ಅದು ಆಳಕ್ಕೆ ಹೋಗಿಲ್ಲ, ಅಲೆ ಹೊರಳುವ ಅಂಚಿನಲ್ಲೇ ಬಿದ್ದಿದೆ. ಆಳವಿಲ್ಲದ ಬೆಚ್ಚಗಿನ ನೀರು, ಜೀವಿಗಳು ಜಾಸ್ತಿ. ಮರಳಿನ ತಳ, ಒಂದು ಪಕ್ಕ ಹೂತಿದೆ.

ಈಗ ಸಮುದ್ರ ಯಾವುದಕ್ಕೆ ಏನು ಮಾಡುತ್ತದೆ ನೋಡೋಣ. ಚಿನ್ನ ಬದಲಾಗುವುದಿಲ್ಲ. ಬೆಳ್ಳಿ ಕಪ್ಪಾಗುತ್ತದೆ. ತಾಮ್ರ, ಕಂಚು ಹಸಿರಾಗುತ್ತವೆ. ತಾಮ್ರ ಕಡಲ ಜೀವಿಗಳಿಗೆ ವಿಷ. ಅದಕ್ಕೇ ಹಿಂದೆ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಹಾಗಾಗಿ ಕಂಚಿನ ವಸ್ತು ಮಾಡುವವರು ಅದರ ಮೇಲೆ ಬಾರ್ನಕಲ್ ಕಡಿಮೆ ಇಡಬೇಕು. ಮರವನ್ನು ಹಡಗುಹುಳು ಅನ್ನುವ ಜೀವಿ ಸುರಂಗ ಕೊರೆದು ತಿನ್ನುತ್ತದೆ. 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗು 1961ರಲ್ಲಿ ಇಡಿಯಾಗಿ ಮೇಲೆ ಬಂದದ್ದು ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಆ ಹುಳು ಅಲ್ಲಿ ಬದುಕುವುದಿಲ್ಲ ಅನ್ನುವ ಕಾರಣಕ್ಕೆ. ಕಲ್ಲಿನ ವಿಷಯಕ್ಕೆ ಬಂದರೆ, ದ್ವಾರಕೆಯ ಕಡಲಲ್ಲಿ ಮೂರು ತೂತಿನ ಕಲ್ಲಿನ ಲಂಗರುಗಳು ಸಿಕ್ಕಿವೆ. ಆ ಹುಡುಕಾಟದ ಮುಂದಾಳು ಎಸ್. ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್, ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯವರು. ಅಲ್ಲಿ ಸಿಕ್ಕಿದ್ದರ ಕಾಲದ ಬಗ್ಗೆ ವಾದಗಳಿವೆ, ಆದರೆ ಆ ಲಂಗರುಗಳ ಆಕಾರ ಯಾವ ಶಿಲ್ಪಿಗಾದರೂ ಪಾಠ.

ಕಬ್ಬಿಣದ ಕಥೆಯೇ ಬೇರೆ, ನನಗೆ ಅತ್ಯಂತ ಇಷ್ಟವಾದದ್ದೂ ಅದೇ. ಉಪ್ಪು ನೀರಲ್ಲಿ ಕಬ್ಬಿಣ ತುಕ್ಕು ಬಿಡುತ್ತದೆ. ಆ ತುಕ್ಕು ಸುತ್ತಲಿನ ಮರಳು, ಚಿಪ್ಪು, ಸುಣ್ಣದ ಜೊತೆ ಕೂಡಿ ಕಲ್ಲಿನಷ್ಟು ಗಟ್ಟಿಯಾದ ಗಡ್ಡೆ ಕಟ್ಟುತ್ತದೆ. ಕಾಲ ಕಳೆದಂತೆ ಒಳಗಿನ ಕಬ್ಬಿಣ ಪೂರ್ತಿ ಕರಗಿ ಹೋಗುವುದೂ ಉಂಟು. ಆಗ ಗಡ್ಡೆಯೊಳಗೆ ವಸ್ತುವಿನ ಆಕಾರದ ಖಾಲಿ ಜಾಗ ಉಳಿಯುತ್ತದೆ. ಸಂರಕ್ಷಣೆ ಮಾಡುವವರು ಇಂಥ ಗಡ್ಡೆಯನ್ನು ಎಕ್ಸ್‌ರೇ ತೆಗೆದು, ಒಳಗೆ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು ಸುರಿದು, ಇಲ್ಲದ ವಸ್ತುವನ್ನು ಮತ್ತೆ ಪಡೆಯುತ್ತಾರೆ. ಸಮುದ್ರ ತಾನೇ ಅಚ್ಚು ಮಾಡಿಟ್ಟಿರುತ್ತದೆ!

ಹಾಗಾಗಿ ನಾವು ಕೊಡಲಿ ಮಾಡುವುದಿಲ್ಲ. ಎರಡಾಗಿ ಒಡೆದ ಗಡ್ಡೆ ಮಾಡುತ್ತೇವೆ, ಒಳಗೆ ಕೊಡಲಿ ಇದ್ದ ಜಾಗ ಮಾತ್ರ.

ಸಾಮಾನು

ಮೊದಲು ಒಂದು ಕೊಡಲಿ. ಕಾರ್ಖಾನೆಯ ನಯವಾದ ಕೊಡಲಿ ಬೇಡ. ಸಂತೆಯಲ್ಲಿ ಕಮ್ಮಾರರು ಕೈಯಲ್ಲಿ ಬಡಿದು ಮಾಡಿದ್ದು ತನ್ನಿ. ಅದರ ಕೆನ್ನೆಯ ಮೇಲೆ ಸುತ್ತಿಗೆ ಬಿದ್ದ ಗುರುತು ಸಾಲಾಗಿ ಇರುತ್ತದೆ. ಅಂಚಿನ ಹತ್ತಿರ ಆ ಗುರುತುಗಳು ಚಿಕ್ಕದಾಗುತ್ತವೆ, ಕಮ್ಮಾರ ಅಲ್ಲಿ ಹಗುರವಾಗಿ ಬಡಿದಿರುತ್ತಾನೆ. ಶಿಲ್ಪ ಒಡೆದು ತೆರೆದಾಗ ನೋಡುವವರಿಗೆ ಕಾಣುವುದು ಈ ಏಟುಗಳೇ, ಕಬ್ಬಿಣ ಹೋದ ಮೇಲೂ ಉಳಿದ ಕೈಯ ಗುರುತು.

ಉಳಿದದ್ದು: ಸಿಮೆಂಟ್, ಎಂ-ಸ್ಯಾಂಡ್, ಕೋಳಿ ಜಾಲರಿ, ಬೈಂಡಿಂಗ್ ತಂತಿ, ಕೆರೆಯ ಜೇಡಿಮಣ್ಣು, ವ್ಯಾಸಲೀನ್ ಅಥವಾ ಗ್ರೀಸ್, ಎಂ-ಸೀಲ್, ಸ್ವಲ್ಪ ಬಿಳಿ ಸಿಮೆಂಟ್, ಮೆಹೆಂದಿ ಕೋನ್ ಮಾಡುವ ಪ್ಲಾಸ್ಟಿಕ್, ಗೋಣಿಚೀಲ, ಅನ್ನಭೇದಿ (ಫೆರಸ್ ಸಲ್ಫೇಟ್), ಸುಣ್ಣ, ಗ್ರಾಫೈಟ್ ಪುಡಿ, ಜೇನುಮೇಣ, ಟರ್ಪೆಂಟೈನ್. ಕಂಚಿನ ವಸ್ತು ಮಾಡುವವರಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಕೂಡ ಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಚನ್ನಗಿರಿ ಕಡೆಯವರಿಗೆ ಅದು ಎಲ್ಲಿ ಸಿಗುತ್ತದೆ ಅಂತ ಹೇಳಬೇಕಾಗಿಲ್ಲ. ರಬ್ಬರ್ ಕೈಗವಸು, ಮಾಸ್ಕ್ ಕಡ್ಡಾಯ. ಸಿಮೆಂಟ್ ಚರ್ಮ ಸುಡುತ್ತದೆ.

ಏನು ತರಬಾರದು ಅನ್ನೋದೂ ಮುಖ್ಯ. ನಿಜವಾದ ಹವಳ ಬೇಡವೇ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿ ಹವಳದ ದಿಬ್ಬ ಕಟ್ಟುವ ಹವಳ, ಕಡಲ ಬೀಸಣಿಗೆ ಇವುಗಳಿಗೆ ರಕ್ಷಣೆ ಇದೆ. ಕೆಲವು ಶಂಖಗಳಿಗೂ ಇದೆ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದ ನೀರಲ್ಲಿ ಹವಳ ಬದುಕಿವೆ, ಅಲ್ಲೇ ಇರಲಿ. ಹಾಗೆಯೇ ಚಂದ್ರವಳ್ಳಿ, ಕೋಟೆಯ ಸುತ್ತ ಬಿದ್ದಿರುವ ಮಡಕೆ ಚೂರನ್ನು ಎತ್ತಿಕೊಂಡು ಬಂದು ಶಿಲ್ಪಕ್ಕೆ ಅಂಟಿಸಬೇಡಿ. ನೋಡಬೇಕೆಂದಿದ್ದರೆ ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ, ಸ್ಕೆಚ್ ಪುಸ್ತಕ ಹಿಡಿದು ಕೂತು ಬಿಡಿಸಿ.

ಮೊದಲ ಹೋಳು

ಗಡ್ಡೆಯ ಅಳತೆ 45 ಸೆಂಟಿಮೀಟರ್ ಉದ್ದ, 30 ಅಗಲ, 20 ದಪ್ಪ ಅಂತ ಇಟ್ಟುಕೊಳ್ಳೋಣ. ಮೂಲೆಗಳಿಲ್ಲದ ಮೊಟ್ಟೆಯಾಕಾರದ ಗಡ್ಡೆಯಾದ್ದರಿಂದ ಒಟ್ಟು ಸುಮಾರು 14 ಲೀಟರ್ ಗಾತ್ರ. ಸಿಮೆಂಟ್ 9 ಕೆಜಿ, ಮರಳು 18 ಕೆಜಿ, ನೀರು 4 ಲೀಟರ್ ಬೇಕಾಗುತ್ತದೆ. ಎರಡು ಹೋಳೂ ಸೇರಿ 30 ಕೆಜಿ ಹತ್ತಿರ ತೂಗುತ್ತದೆ. ಅಷ್ಟು ಭಾರ ಬೇಡ ಅನ್ನುವವರು ನಡುವಿನ ದಪ್ಪದಲ್ಲಿ ಥರ್ಮಾಕೋಲ್ ತುಂಡು ಹುದುಗಿಸಬಹುದು. ನನ್ನ ಮಟ್ಟಿಗೆ ಭಾರ ಇರಬೇಕು. ಎತ್ತುವಾಗ ಕೈಗೆ ಗೊತ್ತಾಗಬೇಕು.

ಕೊಡಲಿಯ ಕಾವು ಬಿಚ್ಚಿ. ಕಬ್ಬಿಣಕ್ಕೆ ತಾಗಿದ ಮರಕ್ಕೆ ತುಕ್ಕು ಇಳಿದು ಅಷ್ಟು ಭಾಗ ಮಾತ್ರ ಉಳಿಯುವುದುಂಟು, ಉಳಿದದ್ದನ್ನು ಹುಳು ತಿಂದಿರುತ್ತದೆ. ಆದ್ದರಿಂದ ಒಂದು ಗೇಣು ಸಾಲದಷ್ಟು ಮೋಟು ಕಾವು ಸಾಕು. ಅದರ ತುದಿಯನ್ನು ಉಳಿಯಿಂದ ಸೀಳಿ ಒರಟು ಮಾಡಿ. ಕಾವಿಗೆ ಕರಗಿದ ಮೇಣ ಸವರಲೇಬೇಕು. ಹಸಿ ಸಿಮೆಂಟಿನ ನೀರು ಕುಡಿದು ಮರ ಉಬ್ಬಿದರೆ ಹೋಳು ಬಿರಿಯುತ್ತದೆ. ಕೊಡಲಿಯ ಕಣ್ಣಿನಲ್ಲಿ ಉಳಿದ ಸಂದಿಗೆ ಜೇಡಿಮಣ್ಣು ತುಂಬಿ. ಕಬ್ಬಿಣಕ್ಕೆ ತೆಳ್ಳಗೆ ಗ್ರೀಸ್ ಹಚ್ಚಿ. ದಪ್ಪ ಹಚ್ಚಿದರೆ ಸುತ್ತಿಗೆಯ ಗುರುತು ಮುಚ್ಚಿಹೋಗುತ್ತದೆ.

ಈಗ ಒಂದು ಹಲಗೆಯ ಮೇಲೆ ಜೇಡಿಮಣ್ಣಿನ ಹಾಸು ಮಾಡಿ, 10 ಸೆಂಟಿಮೀಟರ್ ದಪ್ಪ, ಗಡ್ಡೆಯ ಅಳತೆಗಿಂತ ಸ್ವಲ್ಪ ದೊಡ್ಡದು. ಕೊಡಲಿಯನ್ನು ಮಲಗಿಸಿ, ದಪ್ಪದ ಸರಿಯಾಗಿ ಅರ್ಧದವರೆಗೆ ಹೂಳಿ. ಈ ಅರ್ಧದ ಗೆರೆ ತಪ್ಪಬಾರದು. ಒಂದು ಕಡೆ ಜಾಸ್ತಿ ಹೂತರೆ ಆಮೇಲೆ ಕೊಡಲಿ ಸಿಕ್ಕಿಕೊಂಡು ಹೊರಗೆ ಬರುವುದಿಲ್ಲ. ಅಂಚು, ಕೆನ್ನೆ, ಹಿಂಬದಿ ಮೂರೂ ಕಡೆ ಬೆರಳಿಟ್ಟು ನೋಡಿ.

ಕೊಡಲಿಯ ಸುತ್ತಲಿನ ಮಣ್ಣಿನ ಮೇಲ್ಮೈ ಸಪಾಟಾಗಿ ಇರಬಾರದು. ಗಡ್ಡೆ ಒಡೆದಾಗ ಬರುವ ಮೈ ಏರಿಳಿತದ್ದು. ಹೆಬ್ಬೆರಳಿನಿಂದ ತಗ್ಗು ದಿಣ್ಣೆ ಮಾಡಿ, ಆದರೆ ಒಳಮುಖವಾಗಿ ಕೊರೆಯಬೇಡಿ. ಆಮೇಲೆ ನಾಲ್ಕೈದು ಉರುಟು ಹೊಳೆಗಲ್ಲನ್ನು ಮಣ್ಣಿನಲ್ಲಿ ಅರ್ಧದಷ್ಟು ಒತ್ತಿ. ಹರಿಹರದಲ್ಲಿ ತುಂಗಭದ್ರೆಯ ದಂಡೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಈ ಕಲ್ಲುಗಳಿಗೆ ಎರಡು ಕೆಲಸ. ಮೊದಲ ಹೋಳಿಗೆ ಅಂಟಿಕೊಂಡು ಉಬ್ಬಾಗಿ ನಿಲ್ಲುತ್ತವೆ, ಎರಡನೇ ಹೋಳಿನಲ್ಲಿ ಅವುಗಳಿಗೆ ಸರಿಯಾದ ಗುಳಿ ಬೀಳುತ್ತದೆ, ಎರಡೂ ಕರಾರುವಾಕ್ಕಾಗಿ ಕೂರುತ್ತವೆ. ನೋಡುವವರಿಗೆ ಅದು ಗಡ್ಡೆಗೆ ಸಿಕ್ಕಿಕೊಂಡ ಕಡಲ ಕಲ್ಲು.

ಮೊದಲ ಲೇಪ ಒಂದು ಪಾಲು ಸಿಮೆಂಟಿಗೆ ಒಂದು ಪಾಲು ಜರಡಿ ಹಿಡಿದ ನುಣುಪು ಮರಳು, ದೋಸೆ ಹಿಟ್ಟಿನ ಹದಕ್ಕೆ. ಬ್ರಷ್ಷಿನಿಂದ ಕೊಡಲಿಯ ಮೇಲೆ ಕುಟ್ಟಿ ಕುಟ್ಟಿ ಹಚ್ಚಿ, ಗಾಳಿಗುಳ್ಳೆ ಉಳಿಯಬಾರದು. ಅದು ಎಳೆಯುವ ಮೊದಲೇ ಒಂದಕ್ಕೆ ಎರಡರ ಗಾರೆ, ನೀರು ಕಡಿಮೆ, ಕೈಯಲ್ಲಿ ಉಂಡೆ ಕಟ್ಟಿದರೆ ನಿಲ್ಲುವ ಹಾಗೆ. ಎರಡು ಬೆರಳು ದಪ್ಪ ಆದ ಮೇಲೆ ಕೋಳಿ ಜಾಲರಿ ಹಾಸಿ, ಮತ್ತೆ ಗಾರೆ. ಜಾಲರಿ ಎಲ್ಲೂ ಹೊರಮೈಯಿಂದ ಒಂದು ಸೆಂಟಿಮೀಟರಿಗಿಂತ ಹತ್ತಿರ ಬರಬಾರದು. ಹೊರಮೈಗೆ ಕರಣೆ ಆಡಿಸಿ ನಯ ಮಾಡಬೇಡಿ. ಕೈಯಿಂದಲೇ ಒತ್ತಿ, ಜಲ್ಲಿ ಪುಡಿ, ಒಡೆದ ಮಡಕೆ ಚೂರು ನಿಮ್ಮ ಮನೆಯದೇ ಇದ್ದರೆ ಅಲ್ಲಲ್ಲಿ ಹುದುಗಿಸಿ.

ಒದ್ದೆ ಗೋಣಿ ಹೊದಿಸಿ ನೆರಳಿನಲ್ಲಿಡಿ. ನಮ್ಮ ಕಡೆ ಮಾರ್ಚ್, ಏಪ್ರಿಲ್ ಬಿಸಿಲಿಗೆ ಗೋಣಿ ಗಂಟೆಯಲ್ಲಿ ಒಣಗುತ್ತದೆ, ನೀರು ಚಿಮುಕಿಸುತ್ತಲೇ ಇರಬೇಕು.

ಎರಡನೇ ಹೋಳು

ಮೂರು ದಿನ ಬಿಟ್ಟು ಹಲಗೆ ಸಮೇತ ಮಗುಚಿ. ಇಬ್ಬರು ಬೇಕು. ಮಣ್ಣನ್ನು ಬಿದಿರು ಕಡ್ಡಿಯಿಂದ ಬಿಡಿಸಿ, ಆದರೆ ಕೊಡಲಿಯನ್ನು ಅಲ್ಲಾಡಿಸಬೇಡಿ, ಅದು ತನ್ನ ಜಾಗದಲ್ಲೇ ಇರಲಿ. ಸಿಮೆಂಟ್ ಮೈ ತೊಳೆದು, ಆರಿದ ಮೇಲೆ ಸಾಬೂನು ನೀರು ಎರಡು ಸಲ, ಅದರ ಮೇಲೆ ತೆಳ್ಳಗೆ ಗ್ರೀಸ್. ಒಂದು ಚೂರು ಜಾಗ ಬಿಟ್ಟುಹೋದರೂ ಎರಡು ಹೋಳು ಒಂದಾಗಿಬಿಡುತ್ತವೆ. ಅಂಚಿನಲ್ಲಿ ಮೂರು ಕಡೆ ಬೆಣೆ ಹೊಡೆಯಲು ಮಣ್ಣಿನ ಚಿಕ್ಕ ತುಂಡು ಇಡಿ. ಆಮೇಲೆ ಮೊದಲಿನ ಹಾಗೇ ಲೇಪ, ಗಾರೆ, ಜಾಲರಿ, ಗೋಣಿ.

ಪೂರ್ತಿ ಒಂದು ವಾರ ಒದ್ದೆ ಇಟ್ಟ ಮೇಲೆ ಬೆಣೆ ಹೊಡೆಯಿರಿ. ಕಬ್ಬಿಣದ ಉಳಿ ಬೇಡ, ಮರದ ಬೆಣೆ. ಒಂದು ಕಡೆ ಒಂದು ಏಟು, ಇನ್ನೊಂದು ಕಡೆ ಒಂದು ಏಟು, ಸುತ್ತ ಬರುತ್ತಾ ಇರಿ. ಬಿಟ್ಟುಕೊಂಡಾಗ ಸದ್ದು ಬದಲಾಗುತ್ತದೆ. ಕೊಡಲಿಯ ಹಿಂಬದಿಗೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಅದು ಹೊರಬರುತ್ತದೆ. ಈಗ ಒಳಗೆ ನೋಡಿ. ಕಮ್ಮಾರನ ಒಂದೊಂದು ಏಟೂ ಉಲ್ಟಾ ಬಿದ್ದಿರುತ್ತದೆ, ತಗ್ಗು ಉಬ್ಬಾಗಿ. ಕೊಡಲಿ ಇಲ್ಲ, ಆದರೆ ಅದು ಎಷ್ಟು ಹರಿತ ಇತ್ತು ಅನ್ನೋದು ಗೊತ್ತಾಗುತ್ತದೆ.

ಫೈಬರ್‌ನಲ್ಲಿ ಮಾಡಬಹುದಾ ಅಂತ ಕೇಳುವವರಿದ್ದಾರೆ. ಮಾಡಬಹುದು, ಹಗುರ ಆಗುತ್ತದೆ, ಆದರೆ ಮುಂದೆ ಹೇಳುವ ಬಣ್ಣ ಅದಕ್ಕೆ ಹಿಡಿಯುವುದಿಲ್ಲ. ಮಾಡುವುದೇ ಆದರೆ ಹಾರ್ಡನರ್ ಮತ್ತು ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಸಿಡಿಯುತ್ತದೆ. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಮೈಮೇಲಿನ ಜೀವ

ಇಲ್ಲಿ ಅವಸರ ಮಾಡಬೇಡಿ. ಬಹಳ ಜನ ಕೆಡಿಸುವುದು ಇಲ್ಲೇ. ಬಾರ್ನಕಲ್‌ಗಳನ್ನು ಮೈತುಂಬ ಸಮನಾಗಿ ಹರಡುತ್ತಾರೆ. ನಿಜದಲ್ಲಿ ಅವು ಗುಂಪುಗಾರ ಜೀವಿಗಳು. ಮರಿ ಬಾರ್ನಕಲ್ ತನ್ನ ಜಾತಿಯವರು ಮೊದಲೇ ಕೂತ ಜಾಗ ಹುಡುಕಿ ಅಲ್ಲೇ ಅಂಟಿಕೊಳ್ಳುತ್ತದೆ. ನೀರು ಹರಿದು ಆಹಾರ ತರುವ ಕಡೆ, ಅಂದರೆ ಉಬ್ಬಿದ ಅಂಚುಗಳಲ್ಲಿ ಜಾಸ್ತಿ. ಮರಳಿನಲ್ಲಿ ಹೂತ ಪಕ್ಕದಲ್ಲಿ ಒಂದೂ ಇರುವುದಿಲ್ಲ. ನಿಮ್ಮ ಗಡ್ಡೆಯ ಸುತ್ತ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಅದು ಮರಳಿನ ಮಟ್ಟ. ಗೆರೆಯ ಕೆಳಗೆ ಬರೀ ಮರಳು, ಜಲ್ಲಿ. ಗೆರೆಯ ಮೇಲೆ ಊರು.

ಬಾರ್ನಕಲ್ ಮಾಡುವುದು ಹೀಗೆ. ಎಂ-ಸೀಲ್ ಎರಡೂ ಭಾಗ ಕಲಸಿ, ಕಡಲೆಯಿಂದ ಹಿಡಿದು ಜೋಳದ ಕಾಳಿನವರೆಗೆ ಬೇರೆ ಬೇರೆ ಗಾತ್ರದ ಉಂಡೆ ಮಾಡಿ. ಉಂಡೆಯನ್ನು ಮೈಗೆ ಒತ್ತಿ, ಒದ್ದೆ ಬೆರಳಿನಿಂದ ಮೇಲೆಳೆದು ಮೊಂಡು ಶಿಖರ ಮಾಡಿ. ತುದಿಗೆ ಪೆನ್ಸಿಲ್ ಮೊನೆ ಒತ್ತಿದರೆ ಬಾಯಿ. ಬಾಯಿ ದುಂಡಗೆ ಬೇಡ, ವಜ್ರಾಕಾರಕ್ಕೆ ಸ್ವಲ್ಪ ಎಳೆಯಿರಿ. ಬ್ಲೇಡಿನಿಂದ ಬಾಯಿಯಿಂದ ಬುಡಕ್ಕೆ ಆರು ಗೆರೆ. ಬಾರ್ನಕಲ್‌ನ ಗೋಡೆ ಸಾಮಾನ್ಯವಾಗಿ ಆರು ಫಲಕಗಳದ್ದು. ಇಷ್ಟು ಮಾಡಿದರೆ ಕಡಲು ಕಂಡವರು ಹೌದು ಅನ್ನುತ್ತಾರೆ. ಒಂದರ ಮೈಮೇಲೆ ಇನ್ನೊಂದು ಹತ್ತಿರಲಿ, ಇಕ್ಕಟ್ಟಿನಲ್ಲಿ ಕೆಲವು ಉದ್ದಕ್ಕೆ ಬೆಳೆದಿರಲಿ. ಒಣಗಿದ ಮೇಲೆ ಅಲ್ಲಲ್ಲಿ ಕೆಲವನ್ನು ಕೆತ್ತಿ ಬೀಳಿಸಿ. ಅವು ಬಿದ್ದಲ್ಲಿ ಉಳಿಯುವ ದುಂಡು ಕಲೆ ಇಲ್ಲದಿದ್ದರೆ ಗುಂಪು ಹೊಸದಾಗಿ ಕಾಣುತ್ತದೆ.

ಸುಣ್ಣದ ಕೊಳವೆ ಕಟ್ಟಿಕೊಳ್ಳುವ ಹುಳುಗಳಿಗೆ ಮೆಹೆಂದಿ ಕೋನ್‌ಗಿಂತ ಒಳ್ಳೆಯ ಸಾಧನ ಇಲ್ಲ. ಬಿಳಿ ಸಿಮೆಂಟಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ ಗಟ್ಟಿ ಪೇಸ್ಟ್ ಮಾಡಿ ತುಂಬಿ, ಸುರುಳಿ ಸುತ್ತುತ್ತಾ ಹಿಂಡಿ. ದಪ್ಪ 2ರಿಂದ 5 ಮಿಲಿಮೀಟರ್. ಕೊಳವೆ ಬಾರ್ನಕಲ್‌ಗಳ ಸಂದಿಯಲ್ಲಿ ನುಸುಳಿ ಹೋಗಬೇಕು, ಕೆಲವು ಕಡೆ ಅವುಗಳ ಮೇಲೆ ಹತ್ತಬೇಕು. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಅನ್ನೋದು ಇದರಿಂದ ತಿಳಿಯುತ್ತದೆ. ಮದುವೆಮನೆಗಳಲ್ಲಿ ಮೆಹೆಂದಿ ಹಾಕುವ ಹೆಣ್ಣುಮಕ್ಕಳ ಕೈಗೆ ಈ ಕೆಲಸ ಕೊಟ್ಟು ನೋಡಿ, ನಾವೆಲ್ಲ ಕಲಿಯುವುದಿದೆ.

ಒಳಗಿನ ಖಾಲಿ ಜಾಗಕ್ಕೆ ಯಾವ ಜೀವಿಯನ್ನೂ ಅಂಟಿಸಬೇಡಿ. ಅದು ಮುಚ್ಚಿತ್ತು, ಈಗ ತಾನೇ ತೆರೆದಿದೆ.

ಬಣ್ಣ

ಕಬ್ಬಿಣದ ಕಥೆಗೆ ಹಸಿರು ಬೇಡ. ನಮಗೆ ಬೇಕಾದದ್ದು ತುಕ್ಕು. ಪೇಂಟಿನಿಂದ ಬಳಿದ ತುಕ್ಕು ದೂರದಿಂದಲೇ ಗೊತ್ತಾಗುತ್ತದೆ. ಅನ್ನಭೇದಿ ಬಳಸಿ. ಒಂದು ಲೀಟರ್ ನೀರಿಗೆ 100 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಆಗಿಂದಾಗಲೇ ಕಲಸಿದ್ದು. ಅನ್ನಭೇದಿಯಲ್ಲಿ ಇರುವುದು ಕಬ್ಬಿಣವೇ. ಸಿಮೆಂಟಿನ ಸುಣ್ಣದ ಜೊತೆ ಸೇರಿದಾಗ ಮೊದಲು ಪಾಚಿ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಗಾಳಿ ತಾಗಿ ಒಂದೆರಡು ದಿನದಲ್ಲಿ ಕೇಸರಿಯಾಗಿ, ಕಂದಾಗಿ ಮಾಗುತ್ತದೆ. ಅದು ಮೇಲೆ ಬಳಿದ ಬಣ್ಣವಲ್ಲ, ಸಿಮೆಂಟಿನೊಳಗೇ ಹುಟ್ಟಿದ ತುಕ್ಕು.

ಹಚ್ಚುವ ಮುಂಚೆ ಒಳಮೈಯ ಗ್ರೀಸನ್ನು ಸೋಪಿನ ಪುಡಿ, ತಂತಿ ಬ್ರಷ್ಷಿನಿಂದ ಚೆನ್ನಾಗಿ ತೊಳೆಯಬೇಕು, ಇಲ್ಲವಾದರೆ ಕಲೆ ಕಲೆಯಾಗುತ್ತದೆ. ಕೊಡಲಿಯ ಜಾಗದಿಂದ ಹೊರಗೆ ಹೋದಂತೆಲ್ಲ ಬಣ್ಣ ತೆಳುವಾಗಲಿ. ತುಕ್ಕು ಒಳಗಿನಿಂದ ಹೊರಗೆ ಹರಿಯುವಂಥದ್ದು, ಬಿರುಕು ಹಿಡಿದು ಹೋಗುತ್ತದೆ. ಖಾಲಿ ಜಾಗದ ಆಳಕ್ಕೆ ಮಾತ್ರ ಗ್ರಾಫೈಟ್ ಪುಡಿಯನ್ನು ಬೆರಳಿನಿಂದ ಉಜ್ಜಿ, ಕರಿ ಬಣ್ಣ, ಸ್ವಲ್ಪ ಲೋಹದ ಮಿಂಚು. ಹೊರಗೆ, ಮರಳಿನ ಗೆರೆಯ ಮೇಲೆ ತೆಳ್ಳಗಿನ ಸುಣ್ಣದ ನೀರು ಬಳಿದು ಒದ್ದೆ ಬಟ್ಟೆಯಿಂದ ಒರೆಸಿ, ಸಂದಿಗಳಲ್ಲಿ ಮಾತ್ರ ಬಿಳಿ ಉಳಿಯಲಿ. ಎಂ-ಸೀಲ್‌ಗೆ ಅನ್ನಭೇದಿ ಹಿಡಿಯುವುದಿಲ್ಲ. ಬಾರ್ನಕಲ್‌ಗಳಿಗೆ ಬಿಳಿ, ಬೂದು, ಚೂರು ನೇರಳೆ ಬೆರೆಸಿದ ಅಕ್ರಿಲಿಕ್ ಕೈಯಲ್ಲೇ ಹಾಕಬೇಕು.

ಕಂಚಿನ ವಸ್ತು ಆರಿಸಿದವರಿಗೆ ಎರಡು ಮಾತು. ಮೈಲುತುತ್ತ ಲೀಟರಿಗೆ 50 ಗ್ರಾಂ ಕರಗಿಸಿ ಹೊಸ ಸಿಮೆಂಟಿಗೆ ಹಚ್ಚಿದರೆ ನೀಲಿ-ಹಸಿರು ಬರುತ್ತದೆ. ಕಬ್ಬಿಣದ ಬಕೆಟ್ ಬೇಡ, ತಾಮ್ರ ಅದರ ಮೈಗೆ ಹತ್ತಿಕೊಂಡು ದ್ರಾವಣ ಕೆಡುತ್ತದೆ. ಉಳಿದ ನೀರನ್ನು ಕೆರೆಗೋ ಚರಂಡಿಗೋ ಚೆಲ್ಲಬೇಡಿ, ಮೀನು ಸಾಯುತ್ತವೆ.

ಎಲ್ಲ ಒಣಗಿದ ಮೇಲೆ ಜೇನುಮೇಣ ಕರಗಿಸಿ, ಒಲೆಯಿಂದ ಇಳಿಸಿ, ಬೆಂಕಿಯಿಂದ ದೂರ ಒಯ್ದು ಟರ್ಪೆಂಟೈನ್ ಬೆರೆಸಿ. ಆರಿದ ಮೇಲೆ ಬಟ್ಟೆಯಿಂದ ಕೊಡಲಿಯ ಜಾಗಕ್ಕೆ ಮಾತ್ರ ಉಜ್ಜಿ. ಒಳಗೆ ಒದ್ದೆ ಮಿಂಚು, ಹೊರಗೆ ಒಣ ಸುಣ್ಣ. ಇಡೀ ಶಿಲ್ಪಕ್ಕೆ ವಾರ್ನಿಷ್ ಹೊಡೆದರೆ ಇಷ್ಟು ದಿನದ ಕೆಲಸ ಹಾಳು.

ಇಡುವುದು, ಹೆಸರಿಡುವುದು

ಎರಡು ಹೋಳನ್ನೂ ಪಕ್ಕಪಕ್ಕ ತೆರೆದ ಪುಸ್ತಕದ ಮಾದರಿಯಲ್ಲಿ ಇಡುವುದು ಎಲ್ಲರಿಗೂ ಹೊಳೆಯುತ್ತದೆ. ನನಗೆ ಅದು ಹಿಡಿಸುವುದಿಲ್ಲ, ಮ್ಯೂಸಿಯಂ ಪೆಟ್ಟಿಗೆ ನೋಡಿದಂತಾಗುತ್ತದೆ. ಕೆಳಗಿನ ಹೋಳನ್ನು ನೆಲದಿಂದ ಎರಡು ಅಡಿ ಎತ್ತರದ ಕಟ್ಟೆಯ ಮೇಲೆ ಮರಳು ಹಾಸದೆ ಇಡಿ. ಮೇಲಿನ ಹೋಳನ್ನು ಅದರ ಮೇಲೆಯೇ ನಾಲ್ಕು ಬೆರಳು ಅಂತರ ಬಿಟ್ಟು 8 ಎಂಎಂ ಸರಳಿನ ಮೂರು ಕಾಲಿನ ಮೇಲೆ ನಿಲ್ಲಿಸಿ. ದಾವಣಗೆರೆಯ ಪಿ.ಬಿ. ರಸ್ತೆಯ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಆ ಕಾಲು ಮಾಡಿಕೊಡುತ್ತಾರೆ. ಹೋಳಿನ ಭಾರ 15 ಕೆಜಿ ಅಂತ ಮೊದಲೇ ಹೇಳಿ. ದೀಪ ಒಂದೇ ಪಕ್ಕದಿಂದ ಬರಲಿ. ಆಗ ಒಳಗಿನ ಆಕಾರ ನೋಡಲು ಜನ ಬಗ್ಗಲೇಬೇಕು. ಬಗ್ಗಿ, ಸಂದಿಯಲ್ಲಿ ಇಣುಕಿದಾಗ ಕೊಡಲಿ ಕಾಣುತ್ತದೆ.

ಫಲಕದ ಮೇಲೆ ಕಥೆ ಬರೆಯಬೇಡಿ, ಪರಶುರಾಮ ಅಂತ ಒಂದು ಪದ ಸಾಕು, ಉಳಿದದ್ದು ನಮ್ಮ ಜನಕ್ಕೆ ಗೊತ್ತು. ಆದರೆ ವಸ್ತು, ವರ್ಷ ಬರೆಯಲೇಬೇಕು: ಸಿಮೆಂಟ್, ಅನ್ನಭೇದಿ, ಹೊಳೆಗಲ್ಲು, ಮಾಡಿದವರ ಹೆಸರು, ಮಾಡಿದ ವರ್ಷ. ಕಡಲಲ್ಲಿ ಸಿಕ್ಕಿದ್ದು ಅಂತ ತಮಾಷೆಗೂ ಬರೆಯಬೇಡಿ. ದೇವರ ಹೆಸರು ಸೇರಿರುವಾಗ ಯಾರೋ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹರಿಯಬಿಟ್ಟರೆ ಒಂದೇ ದಿನದಲ್ಲಿ ಅದು ನಿಜವಾಗಿ ಕೂರುತ್ತದೆ, ಹಳೆಯ ವಸ್ತುವಿನ ಹೆಸರಿನಲ್ಲಿ ಮೋಸ ಮಾಡುವವರಿಗೆ ದಾರಿಯಾಗುತ್ತದೆ.

ಮಳೆಗಾಲದಲ್ಲಿ ಹೊರಗಿಟ್ಟರೆ ಮೇಣ ಹೋಗುತ್ತದೆ, ವರ್ಷಕ್ಕೊಮ್ಮೆ ಹೊಸದಾಗಿ ಉಜ್ಜಿ. ಸಿಮೆಂಟಿನ ಮೈಯಿಂದ ಬಿಳಿ ಉಪ್ಪು ಹೊಮ್ಮಿದರೆ ಒರೆಸಬೇಡಿ, ಈ ಶಿಲ್ಪಕ್ಕೆ ಅದು ಒಪ್ಪುತ್ತದೆ. ಬಾರ್ನಕಲ್ ಒಂದೆರಡು ಉದುರಿದರೂ ಮತ್ತೆ ಅಂಟಿಸುವುದು ಬೇಡ. ಸರಳಿನ ಕಾಲುಗಳಿಗೆ ಮಾತ್ರ ತುಕ್ಕು ನಿರೋಧಕ ಪೇಂಟ್ ಹೊಡೆದಿಡಿ, ಅವು ಭಾರ ಹೊತ್ತು ನಿಲ್ಲಬೇಕಾದವು.